ಸೂಜಿ ಏರುವ ತನಕ

"ಒತ್ತಣ್ಣಾ!"

ಬಸ್ಸಿನ ಅಡಿಯಿಂದ ಆಂಜಿನಪ್ಪ ಕೂಗಿದ. ಮೇಲೆ ಏನೂ ಆಗಲಿಲ್ಲ.

"ಬ್ರೇಕ್ ಒತ್ತಣ್ಣೋ! ಕಿವಿ ಕೇಳ್ಸಾಕಿಲ್ವಾ?"

ಕೇಳಿಸಿತ್ತು. ಡ್ರೈವರ್ ಸೀಟಿನಲ್ಲಿ ಆರುಮುಗಂ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮದುಮಗನಂತೆ ನೆಟ್ಟಗೆ ಕೂತಿದ್ದ. ಇಪ್ಪತ್ತೊಂಬತ್ತು ವರ್ಷ ಚಿನ್ನದ ಗಣಿಯಲ್ಲಿ ವೈಂಡರ್ ನಡೆಸಿದವನು. ಎಂದರೆ ಆಳುಗಳು ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ಭೂಮಿಯೊಳಕ್ಕೆ ಇಳಿಸಿ ಮತ್ತೆ ಮೇಲಕ್ಕೆತ್ತುವ ಯಂತ್ರ. ಆ ಕೆಲಸದಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಗಂಟೆ ಬಡಿಯಬೇಕು. ಒಂದು ಬಡಿದರೆ ನಿಲ್ಲಿಸು. ಎರಡು ಬಡಿದರೆ ಇಳಿಸು. ಮೂರು ಬಡಿದರೆ, ಒಳಗೆ ಮನುಷ್ಯರಿದ್ದಾರೆ. ತಿರುಗಿ ಮೂರು ಬಡಿದು ಉತ್ತರ ಕೊಟ್ಟ ಮೇಲೇ ಯಂತ್ರ ಅಲುಗಬೇಕು. ಗಂಟೆಯಿಲ್ಲದೆ ದೇವರೇ ಬಂದು ಕೂಗಿದರೂ ಕೈ ಏನನ್ನೂ ಮುಟ್ಟಬಾರದು.

"ಕೆಳಗಡೆ ಆಳು ಇದ್ದಾನೆ. ಗಂಟೆ ಇಲ್ದೆ ಒತ್ತಲ್ಲ ಸಾಮಿ."

"ಆ ಆಳು ನಾನೇ ಕಣಣ್ಣಾ! ನಾನೇ ಏಳ್ತಾ ಇವ್ನಿ, ಒತ್ತು ಅಂತ!"

"ಕೆಳಗಿರೋರೆಲ್ಲಾ ಹಂಗೇ ಹೇಳೋದು ತಂಬಿ."

ಗಂಟೆ ಬಡಿಯಬೇಕಾದವಳು ಆರುಮುಗಂನ ಹೆಂಡತಿ ಮಾರಿಯಮ್ಮ. ಬಸ್ಸಿನ ಹಿಂಭಾಗದಲ್ಲಿ ಅವಳ ಅಡುಗೆಮನೆ; ಅಲ್ಲಿ ತೂಗುಹಾಕಿದ ಬಿಸ್ಕತ್ತಿನ ತಗಡಿನ ಡಬ್ಬವೇ ಗಂಟೆ, ಸೌಟೇ ಬಡಿಗೆ. ಅವಳು ಬೀದಿಯ ನಲ್ಲಿಯಲ್ಲಿ ಕೊನೆಯ ಎರಡು ಬಿಂದಿಗೆ ತುಂಬಿಸಲು ಹೋಗಿದ್ದಳು. ಉರಿಗಾಂನ ಕ್ವಾರ್ಟರ್ಸಿನಲ್ಲಿ ಇನ್ನು ಅವರ ಪಾಲಿಗೆ ಉಳಿದಿದ್ದು ಆ ನೀರೊಂದೇ. ರಿಟೈರಾದವರು ಮನೆ ಬಿಡಬೇಕು, ಅದು ನಿಯಮ. ಬಿಡಬೇಕಾದ್ದು ಇವತ್ತು ಸಂಜೆಯೊಳಗೆ. ಎಲ್ಲರೂ ಊರಿಗೆ ಹೋದರೆ ಆರುಮುಗಂ ಹರಾಜಿನಲ್ಲಿ ಒಂದು ಹಳೆಯ ಬಸ್ಸು ಹಿಡಿದು, ಸೀಟು ಕಿತ್ತು, ಮಂಚ, ಸೀಮೆಎಣ್ಣೆ ಸ್ಟೌ, ರುಬ್ಬುಗುಂಡು, ಮುರುಗನ ಪಟ, ನಾಲ್ಕು ಕೋಳಿ ತುಂಬಿ, "ಇದೇ ಮನೆ" ಎಂದಿದ್ದ. ಮಾರಿಯಮ್ಮ ಬೀದಿಯ ಹೆಂಗಸರಿಗೆಲ್ಲ ಹೇಳಿದ್ದಳು: "ಇಷ್ಟು ದಿನ ಮನೆ ಗಂಡಸರು ಮನೆಗೆ ಬರ್ತಿದ್ರು. ಇನ್ಮೇಲೆ ಮನೇನೇ ಇವರ ಹಿಂದೆ ಹೋಗುತ್ತೆ."

ಮನೆ ಹೋಗಬೇಕಾದ್ದು ಬಂಗಾರಪೇಟೆಯ ಆಚೆ ಅವಳ ತಮ್ಮನ ಹುಣಸೆತೋಪಿಗೆ. ಆದರೆ ಬೆಳಗಿನಿಂದ ಬ್ರೇಕಿನ ಗಾಳಿ ಏರುತ್ತಿರಲಿಲ್ಲ. ಗೇಜಿನ ಸೂಜಿ ನಲವತ್ತಕ್ಕೆ ಬಂದು, ಅಲ್ಲೇ ಬಿಡಾರ ಹೂಡಿತ್ತು. ಅದಕ್ಕೇ ರಾಬರ್ಟ್‌ಸನ್‌ಪೇಟೆಯಿಂದ ಆಂಜಿನಪ್ಪನನ್ನು ಕರೆಸಿದ್ದು. ಗಾಳಿ ಬ್ರೇಕೆಂದರೆ ಆಂಜಿನಪ್ಪನಿಗೆ ಭಯ. ಅವನು ಒಳ್ಳೆಯ ಮೆಕ್ಯಾನಿಕ್ ಅನ್ನಿಸಿಕೊಂಡದ್ದೇ ಅದರಿಂದ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಕಂಪ್ರೆಸರಿನಿಂದ ಟ್ಯಾಂಕಿನವರೆಗೆ ಒಂದೊಂದು ಜಾಯಿಂಟಿಗೂ ಸವರಿದ್ದ. ಟ್ಯಾಂಕಿನ ಮಗ್ಗುಲಲ್ಲಿ ಗುಳ್ಳೆ ಎದ್ದವು. ಪೈಪು ಬಿಚ್ಚಿ ವಾಷರ್ ಬದಲಿಸಿದ. ಸೂಜಿ ತೊಂಬತ್ತಕ್ಕೆ ಹೋಯಿತು.

ಇನ್ನುಳಿದಿದ್ದು ಒಂದೇ ಪರೀಕ್ಷೆ: ಬ್ರೇಕನ್ನು ಒತ್ತಿಹಿಡಿದಾಗ ಚಕ್ರದ ಬಳಿ ಎಲ್ಲಾದರೂ ಗಾಳಿ ಸೋರುತ್ತದೋ ನೋಡುವುದು. ಇವನು ಒತ್ತಲೊಲ್ಲ, ಅವಳು ಬರಲೊಲ್ಲಳು. ಖಾಲಿ ಮನೆಯ ಬಾಗಿಲಲ್ಲಿ ಗಣಿಯ ವಾಚ್‌ಮನ್ ಬೀಗ ಹಿಡಿದು ನಿಂತು, ಐದು ನಿಮಿಷಕ್ಕೊಮ್ಮೆ ಕೆಮ್ಮುತ್ತಿದ್ದ.

"ಇರ್ಲಿ ಬಿಡು," ಎಂದುಕೊಂಡು ಆಂಜಿನಪ್ಪ ಹೊರಕ್ಕೆ ತೆವಳಿದ. ಸೋರುವ ಜಾಗ ಸಿಕ್ಕಿತಲ್ಲ. ಒಂದು ಬಸ್ಸಿಗೆ ಒಂದೇ ರೋಗವೆಂದು ಅವನಿಗೆ ಯಾರು ಹೇಳಿದ್ದರೋ.

ಹಿಂದಿನಿಂದ ಸೌಟು ಮೂರು ಸಲ ಬಡಿಯಿತು. ಮಾರಿಯಮ್ಮ ಬಿಂದಿಗೆಗಳೊಡನೆ ಬಂದು ಹತ್ತಿದ್ದಳು. ಆರುಮುಗಂ ಮೂರು ಸಲ ಹಾರ್ನ್ ಒತ್ತಿದ. ಮನೆ ಹೊರಟಿತು. ಬಂಗಾರಪೇಟೆಯಲ್ಲಿ ಇಳಿದು ತನ್ನ ಹಳ್ಳಿಗೆ ಹೋಗುವ ಲೆಕ್ಕದಲ್ಲಿ ಆಂಜಿನಪ್ಪನೂ ಪಕ್ಕದಲ್ಲಿ ಕೂತ.

ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಸೂಜಿ ಎಂಬತ್ತಕ್ಕೆ ಇಳಿಯಿತು. ಎಮ್ಮೆ ಅಡ್ಡ ಬಂದಾಗ ಅರವತ್ತೈದು. ಇಳಿದದ್ದು ಮತ್ತೆ ಏರಬೇಕು, ಏರಲಿಲ್ಲ. ಇಳಿಜಾರು ಶುರುವಾಗುವಲ್ಲಿ ಐವತ್ತು. ಆಂಜಿನಪ್ಪ ಸೀಟಿನ ಅಂಚಿಗೆ ಜರುಗಿದ.

"ಅಣ್ಣಾ, ಏರ್ ಇಳೀತೈತೆ. ಇಲ್ಲೇ ನಿಲ್ಸು."

"ನೋಡಿದೆ."

"ನೋಡ್ಕಂಡು ಬಿಡ್ತಾ ಇದೀಯಲ್ಲಣ್ಣಾ!"

ಆರುಮುಗಂ ನಕ್ಕ. ಸಾವಿರಾರು ಜನರನ್ನು ಕತ್ತಲೆಗಿಳಿಸಿ, ಒಬ್ಬನ ಟೀಯೂ ಚೆಲ್ಲದಂತೆ ಮೇಲೆ ತಂದವನ ನಗು. "ಭಯ ಯಾಕೆ ತಂಬಿ? ಗಾಳಿ ಪೂರಾ ಹೋಗ್ಲಿ. ಹೋದ್ರೆ ಬ್ರೇಕು ತಾನೇ ಹಿಡ್ಕೊಂಡು ನಿಂತ್ಬಿಡುತ್ತೆ. ನಮ್ಮ ವೈಂಡರ್‌ನಲ್ಲಿ ಎರಡು ಸಲ ನಿಂತಿತ್ತು."

ವೈಂಡರಿನ ಕಥೆಯನ್ನು ಗಣಿಯವರ ಬಾಯಲ್ಲಿ ಆಂಜಿನಪ್ಪನೂ ಕೇಳಿದ್ದ. ಅಲ್ಲಿ ಬ್ರೇಕನ್ನು ಹಿಡಿದಿರುವುದು ಭಾರವಾದ ಕಬ್ಬಿಣದ ತೂಕ. ಗಾಳಿ ಅದನ್ನು ಎತ್ತಿ ಬಿಡಿಸುತ್ತದೆ. ಗಾಳಿ ಹೋದರೆ ತೂಕ ಬಿದ್ದು ಕೇಜು ನಿಲ್ಲುತ್ತದೆ. ಈ ಬಸ್ಸಿನಲ್ಲಿ ಹಿಡಿಯುವುದೇ ಗಾಳಿ. ಗಾಳಿ ಹೋದರೆ ಹಿಡಿಯಲು ಏನೂ ಇಲ್ಲ. ಬೆಳಗಿನಿಂದ ಇಬ್ಬರೂ ಒಂದೇ ಸೂಜಿಗೆ ಕಣ್ಣಿಟ್ಟಿದ್ದರು. ಒಬ್ಬ ಕಂಡಿದ್ದು ಸಾವು, ಇನ್ನೊಬ್ಬ ಕಂಡಿದ್ದು ಕಾವಲು.

"ಇದು ಹಂಗಲ್ಲಣ್ಣಾ! ಉಲ್ಟಾ! ಗೇರ್ ಇಳ್ಸು, ಗೇರ್ ಇಳ್ಸು!"

ಇಳಿಜಾರಿನ ಬುಡದಲ್ಲಿ ರೈಲ್ವೆ ಗೇಟು ಮುಚ್ಚಿತ್ತು. ಮಾರಿಕುಪ್ಪಂ ರೈಲು ಬರುವ ಹೊತ್ತು. ಗೇಟಿಗೆ ಬೆನ್ನು ಕೊಟ್ಟು ಹುಲ್ಲುಹೊರೆಯ ಹೆಂಗಸರು, ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳು, ಒಂದು ಎತ್ತಿನ ಗಾಡಿ. ಒಬ್ಬಳು ಹೊರೆ ಇಳಿಸಿ ಅದರ ಮೇಲೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು.

ಮಾರಿಯಮ್ಮ ಕಿಟಕಿಯಿಂದ ಗೇಟನ್ನು ಕಂಡಿರಬೇಕು. ಸೌಟು ಒಮ್ಮೆ ಬಡಿಯಿತು.

ಒಂದು ಎಂದರೆ ನಿಲ್ಲಿಸು. ಆರುಮುಗಂನ ಕಾಲು ಅವನನ್ನು ಕೇಳದೆಯೇ ಪೆಡಲನ್ನು ತಳಮುಟ್ಟ ಒತ್ತಿತು. ಹಿಂದೆಲ್ಲೋ ಬುಸ್ಸೆಂದಿತು. ಸೂಜಿ ಹತ್ತಕ್ಕೆ ಬಿತ್ತು. ಬಸ್ಸು ಮಾತ್ರ ಇನ್ನಷ್ಟು ಹಗುರವಾದಂತೆ ಉರುಳಿತು. ಮತ್ತೆ ಸೌಟು: ಒಂದು. ಮತ್ತೆ ಒಂದು. ಆರುಮುಗಂ ತನ್ನ ಪಾದವನ್ನೇ ನೋಡುತ್ತಿದ್ದ. ಗಂಟೆ ಬಡಿದೂ ಯಂತ್ರ ನಿಲ್ಲದೆ ಹೋದದ್ದು ಇಪ್ಪತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಹ್ಯಾಂಡ್ ಬ್ರೇಕು ಹೆಸರಿಗಷ್ಟೇ ಇತ್ತು. ಎಳೆದರೆ ಕೈಗೇ ಬಂತು. ಆಂಜಿನಪ್ಪ ಅವನ ಮೇಲೆ ಬಿದ್ದು ಸ್ಟಿಯರಿಂಗನ್ನು ಎಡಕ್ಕೆ ಎಳೆದ. ಎಡಕ್ಕೆ ಸೈನೈಡ್ ದಿಬ್ಬ. ಚಿನ್ನ ತೆಗೆದು ಬಿಸಾಕಿದ ಮಣ್ಣು, ಹಿಟ್ಟಿನಷ್ಟು ನುಣುಪು, ಗುಡ್ಡದಷ್ಟು ಎತ್ತರ. ಬಸ್ಸು ಅದರ ಬುಡಕ್ಕೆ ನುಗ್ಗಿ, ಅಚ್ಚಿನವರೆಗೆ ಹೂತು, ಎರಡು ಸಲ ಬಿಕ್ಕಳಿಸಿ ನಿಂತಿತು.

ಕೋಳಿಗಳು ಅರಚಿಕೊಂಡವು. ಬಿಂದಿಗೆಯೊಂದು ಉರುಳುತ್ತಾ ಮುಂದಕ್ಕೆ ಬಂದು ಗೇರಿಗೆ ತಾಗಿತು. ಉರಿಗಾಂನ ನೀರು ಇಬ್ಬರ ಕಾಲನ್ನೂ ತೋಯಿಸಿತು. ಆಚೆ ರೈಲು ಹೋಯಿತು, ಗೇಟು ಎದ್ದಿತು. ಎಲೆ ಹಾಕುತ್ತಿದ್ದವಳು ದಿಬ್ಬದಲ್ಲಿ ಹೂತ ಬಸ್ಸನ್ನೊಮ್ಮೆ ನೋಡಿ, "ಯಾವನ್ಲಾ ಅವ್ನು, ಕುಡ್ದವ್ನೇನೋ!" ಎಂದು ಹೊರೆ ಎತ್ತಿಕೊಂಡಳು.

"ಹಿಡೀಲಿಲ್ಲ," ಎಂದ ಆರುಮುಗಂ.

"ಇದ್ರಲ್ಲಿ ಗಾಳೀನೇ ಇಡ್ಯೋದಣ್ಣಾ."

"ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಕೇಳ್ಲಿಲ್ಲ?" ಅಂದವನೇ ಆಂಜಿನಪ್ಪ ತಲೆ ತಗ್ಗಿಸಿದ. ತಾನು ಮಾಡದೆ ಬಿಟ್ಟ ಪರೀಕ್ಷೆ ನೆನಪಾಗಿತ್ತು.

ಮಾರಿಯಮ್ಮ ಮಂಚ, ಡಬ್ಬಿಗಳನ್ನು ದಾಟಿಕೊಂಡು ಮುಂದೆ ಬಂದಳು. ಹಣೆ ಊದಿತ್ತು, ಕೈಯಲ್ಲಿ ಸೌಟು ಇನ್ನೂ ಇತ್ತು. ಬೈಗುಳಕ್ಕೆ ಇಬ್ಬರೂ ಕಾದರು. ಅವಳು ಗಂಡನನ್ನು ಕೇಳಿದ್ದು ಇಷ್ಟೇ:

"ನಾನು ಹೊಡೆದಿದ್ದು ಕೇಳಿಸ್ತಲ್ವಾ?"

"ಕೇಳಿಸ್ತು."

ಟ್ರ್ಯಾಕ್ಟರೊಂದು ಬಂದು ಬಸ್ಸನ್ನು ರಸ್ತೆಬದಿಯ ಮಟ್ಟನೆಲಕ್ಕೆ ಎಳೆದು ಹೋಯಿತು. ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಶುರುಮಾಡಿ, ಆಂಜಿನಪ್ಪ ಮತ್ತೆ ಅಡಿಗೆ ತೂರಿದ. ಈ ಸಲ ಅವನು ಕೂಗಲಿಲ್ಲ. "ಅಕ್ಕಾ, ಒಡಿ," ಎಂದ. ಸೌಟು ಒಮ್ಮೆ ಬಡಿಯಿತು, ಆರುಮುಗಂ ಒತ್ತಿ ಹಿಡಿದ. ಎಡ ಹಿಂಗಾಲಿಯ ಬ್ರೇಕ್ ಡಬ್ಬಿಯ ಅಂಚಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ ಎದ್ದು ಒಡೆಯಿತು. ಬಿಚ್ಚಿದರೆ ಒಳಗಿನ ರಬ್ಬರು ಬೆರಳುದ್ದ ಸೀಳಿತ್ತು. ಯಾರದೋ ಸೈಕಲ್ಲೇರಿ ರಾಬರ್ಟ್‌ಸನ್‌ಪೇಟೆಗೆ ಹೋಗಿ ಹೊಸದು ತಂದು ಹಾಕುವಷ್ಟರಲ್ಲಿ ದಿಬ್ಬದ ನೆರಳು ರಸ್ತೆ ದಾಟಿತ್ತು.

ಸೂಜಿ ಏರಿತು. ಅರವತ್ತು, ಎಂಬತ್ತು, ತೊಂಬತ್ತು. ಆರುಮುಗಂ ಒತ್ತಿ ಹಿಡಿದ. ಸ್ವಲ್ಪವೇ ಇಳಿದು ನಿಂತಿತು. ಬಿಟ್ಟ; ಏರಿತು. ಮತ್ತೆ ಒತ್ತಿದ.

"ಸರಿ ಐತಣ್ಣಾ," ಎಂದ ಆಂಜಿನಪ್ಪ. ಚಕ್ರಗಳ ಕಲ್ಲು ತೆಗೆದು ಬಂದು ಪಕ್ಕದಲ್ಲಿ ಕೂತ.

ಹಿಂದಿನಿಂದ ಸೌಟು ಮೂರು ಸಲ ಬಡಿಯಿತು.

ಆರುಮುಗಂನ ಕೈ ಹಾರ್ನಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಅವನು ಸೂಜಿಯನ್ನೇ ನೋಡುತ್ತಿದ್ದ. ಕೆಳಗೆ ಗೇಟು ಮತ್ತೆ ಮುಚ್ಚುತ್ತಿತ್ತು. ಸೈಕಲ್ಲುಗಳು ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ಹಿಂದೆ ಮಾರಿಯಮ್ಮ ಮತ್ತೆ ಬಡಿಯಲಿಲ್ಲ. ತೂಗಾಡುತ್ತಿದ್ದ ಡಬ್ಬವನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿ, ಉತ್ತರಕ್ಕೆ ಕಾದಳು.