ಕೊರಳಲ್ಲಿದ್ದ ಶಿವವ್ವ

ಬನಹಟ್ಟಿಯಲ್ಲಿ ದೆವ್ವ ಬಂದು ಕಿವಿಯಲ್ಲಿ ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಮನೆಮನೆಗೂ ಪಾವರಲೂಮು, ಕರೆಂಟಿನ ಮಗ್ಗ. ಬೆಳಗಾಯಿತೆಂದರೆ ಖಟಕ್ ಖಟಕ್ ಎಂದು ಶುರುವಾದ ಸದ್ದು ಗೋಡೆಗೆ ತೂಗುಹಾಕಿದ ದೇವರ ಪಟವನ್ನೂ ಅಲುಗಾಡಿಸುತ್ತದೆ. ಇಲ್ಲಿ ಗಂಡ ಹೆಂಡತಿ ಪ್ರೀತಿಯ ಮಾತನ್ನೂ ಜಗಳದ ದನಿಯಲ್ಲೇ ಆಡಬೇಕು. ಆದರೆ ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಆಗ ಊರಿಗೆ ಊರೇ ಒಮ್ಮೆಲೆ ಬಾಯಿ ಮುಚ್ಚುತ್ತಿತ್ತು. ಇಂದ್ರವ್ವ ಹೆದರುತ್ತಿದ್ದದ್ದು ಆ ಹೊತ್ತಿಗೆ.

ಇಂದ್ರವ್ವ ತುಬಚಿಯವಳು. ನಾಲ್ಕು ಮಗ್ಗಗಳ ಯಜಮಾನ ಗಿರಿಮಲ್ಲಪ್ಪನಿಗೆ ಎರಡನೆಯ ಹೆಂಡತಿಯಾಗಿ ಈ ಊರಿಗೆ ಬಂದಿದ್ದಳು. ಮೊದಲನೆಯವಳು ಶಿವವ್ವ, ಹೊಟ್ಟೆಬೇನೆಯಿಂದ ತೀರಿಹೋಗಿದ್ದಳು. ಮಿರಜಿನ ದವಾಖಾನೆಗೆ ಒಯ್ದರೂ ಉಳಿಯಲಿಲ್ಲ. ತೀರಿಹೋದವಳು ಅಂತ ಅನ್ನಬೇಕಷ್ಟೇ. ಅವಳಿದ್ದದ್ದು ಇಂದ್ರವ್ವನ ಕೊರಳಲ್ಲಿ. ಸತ್ತ ಸವತಿಯ ರೂಪವನ್ನು ಒತ್ತಿದ ಪುಟ್ಟದೊಂದು ಬಂಗಾರದ ಪುತ್ಥಳಿಯನ್ನು ಎರಡನೆಯವಳು ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಹೊಸ ಸೀರೆ ಬಂದರೆ ಮೊದಲು ಆ ಪುತ್ಥಳಿಗೆ ಮುಟ್ಟಿಸಬೇಕು. ಹಬ್ಬದ ಹೋಳಿಗೆ ಮೊದಲು ಅವಳಿಗೆ. ಮರೆತರೆ ಅವಳು ಮುನಿಯುತ್ತಾಳೆ. ಬದುಕಿದ ಸವತಿಯ ಜೊತೆಯಾದರೆ ಜಡೆ ಹಿಡಿದು ಜಗಳಾಡಬಹುದು, ಸತ್ತವಳ ಜೊತೆ ಏನು ಮಾಡುವುದು?

ಇಂದ್ರವ್ವ ಒಮ್ಮೆ ಮರೆತಿದ್ದಳು. ಹಿಂದಿನ ವರ್ಷ ಪಂಚಮಿಗೆ ತವರಿನಿಂದ ಬಂದ ಸೀರೆಯನ್ನು ಸಡಗರದಲ್ಲಿ ಹಾಗೇ ಉಟ್ಟುಬಿಟ್ಟಳು. ವಾರ ಕಳೆಯುವುದರೊಳಗೆ ಮೂರು ತಿಂಗಳ ಬಸಿರು ಇಳಿದುಹೋಯಿತು. ಪಕ್ಕದ ಮನೆಯ ಕೆಂಪವ್ವ ಬಂದು ಪಡಸಾಲೆಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತ ತೀರ್ಪು ಕೊಟ್ಟಳು.

“ಶಿವವ್ವ ಅಲ್ಲೆ ಒಬ್ಬಾಕಿನ ಅದಾಳ ನೋಡವಾ. ಅಕಿಗೂ ಒಂದು ಜೀವ ಜೊತಿಗೆ ಬೇಕಾಗೈತಿ. ಅದಕ್ಕ ಒಯ್ದಳು. ಮುಂದಿನದಕ್ಕರ ಜ್ವಾಕಿ ಮಾಡು.”

ಎಲುಬಿಲ್ಲದ ನಾಲಿಗೆ, ಆಡಿ ಎದ್ದುಹೋಯಿತು. ಇಂದ್ರವ್ವ ಮಾತ್ರ ಅಂದಿನಿಂದ ನಿದ್ದೆಯಲ್ಲೂ ಪುತ್ಥಳಿಯನ್ನು ಮುಟ್ಟಿ ನೋಡಿಕೊಳ್ಳತೊಡಗಿದಳು. ಈಗ ಮತ್ತೆ ಬಸಿರಿ, ಏಳನೆಯ ತಿಂಗಳು.

ಶಿವವ್ವನ ಮಗಳು ಮಾದೇವಿಗೆ ಏಳು ವರ್ಷ. ತಾಯಿಯ ಮುಖವನ್ನೇ ತೆಗೆದು ಇಟ್ಟ ಹಾಗಿದ್ದಳು, ಹಾಗಂತ ಊರೆಲ್ಲ ಹೇಳುತ್ತಿತ್ತು. ಇಂದ್ರವ್ವ ಅವಳಿಗೆ ಹೊತ್ತು ಹೊತ್ತಿಗೆ ರೊಟ್ಟಿ ಹಾಕುತ್ತಿದ್ದಳು, ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮುಟ್ಟುತ್ತಲೂ ಇರಲಿಲ್ಲ. ಹುಡುಗಿ ಹತ್ತಿರ ಬಂದರೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಆಚೆ ಸರಿಯುತ್ತಿದ್ದಳು. ಆ ಕಣ್ಣುಗಳಿಂದ ಶಿವವ್ವ ತನ್ನ ಹೊಟ್ಟೆಯನ್ನು ನೋಡುತ್ತಾಳೆಂಬ ಅಂಜಿಕೆ. ಜಡೆ ಹಾಕುವ ಕೆಲಸವನ್ನೂ ಅತ್ತೆ ತಾಯವ್ವನಿಗೇ ಬಿಟ್ಟಿದ್ದಳು. ಹಾವು ತುಳಿದವ ಹಗ್ಗಕ್ಕೂ ಬೆದರುತ್ತಾನೆ, ನಿಜ. ಆದರೆ ಇಲ್ಲಿ ಹಗ್ಗವಾದದ್ದು ತಾಯಿಯಿಲ್ಲದ ಒಂದು ಮಗು.

ಒಂದು ಮಧ್ಯಾಹ್ನ ಇಂದ್ರವ್ವ ಉಂಡು ಅಡ್ಡಾಗಿದ್ದಳು. ಎಚ್ಚರವಾದಾಗ ಕೈ ರೂಢಿಯಂತೆ ಕೊರಳಿಗೆ ಹೋಯಿತು. ತಾಳಿ ಇತ್ತು, ಪುತ್ಥಳಿ ಇರಲಿಲ್ಲ. ಎದ್ದು ಕೌದಿ ಝಾಡಿಸಿದಳು, ಚಾಪೆ ಎತ್ತಿದಳು, ನೆಲದ ಮೇಲೆಲ್ಲ ಅಂಗೈ ಆಡಿಸಿದಳು. ಸಿಕ್ಕಿದ್ದು ಅದನ್ನು ಪೋಣಿಸಿದ್ದ ಕರಿದಾರ ಮಾತ್ರ. ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನೇಕಾರರ ಮನೆಗೆ ಬಂದು ಎರಡು ವರ್ಷವಾಗಿತ್ತು. ಹರಿದ ದಾರ ಯಾವುದು, ಕತ್ತರಿಸಿದ ದಾರ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹರಿದದ್ದರ ತುದಿ ಎಳೆಎಳೆಯಾಗಿ ಬಿಚ್ಚಿರುತ್ತದೆ. ಇದರ ತುದಿ ನುಣ್ಣಗಿತ್ತು.

ಯಾರು ಕತ್ತರಿಸಿದರು? ತಾಯವ್ವ ಗುಡಿಗೆ ಹೋಗಿದ್ದಳು. ಗಂಡ ಮಗ್ಗದ ಮೇಲಿದ್ದ. ಬಾಗಿಲು ಹಾಕಿತ್ತು. ಕೊರಳಲ್ಲಿದ್ದವಳು ತಾನೇ ಬಿಡಿಸಿಕೊಂಡು ಕೆಳಗಿಳಿದಳೆ? ಹಾಗೆ ಅಂದುಕೊಂಡದ್ದೇ ತಡ, ಇಂದ್ರವ್ವನಿಗೆ ಮನೆಯ ಮೂಲೆಮೂಲೆಯಲ್ಲೂ ಯಾರೋ ನಿಂತಂತೆ ಕಂಡಿತು.

ಗಂಡನಿಗೆ ಹೇಳಲು ಮಗ್ಗದ ಮನೆಗೆ ಹೋದಳು. ಗಿರಿಮಲ್ಲಪ್ಪ ಲಾಳಿ ಓಡುವುದನ್ನೇ ನೋಡುತ್ತ, “ಏನಂದಿ?” ಎಂದ. ಅವಳು ಮತ್ತೆ ಹೇಳಿದಳು. ಅವನು ಮತ್ತೆ “ಏನಂದಿ?” ಎಂದ. ಇಂಥ ಮಾತನ್ನು ಕೂಗಿ ಹೇಳುವುದು ಹೇಗೆ? “ಏನಿಲ್ಲರಿ” ಎಂದು ತಿರುಗಿ ಬಂದಳು. ಪುತ್ಥಳಿಯ ಜಾಗದಲ್ಲಿ ಒಂದು ಅರಿಷಿಣ ಕೊಂಬು ಕಟ್ಟಿಕೊಂಡು ಮೇಲೆ ಸೆರಗು ಹೊದ್ದಳು.

“ಯಾಕಬೇ, ಇಂಥಾ ಬಿಸಲಾಗ ಕುತ್ತಿಗಿ ಮುಚ್ಚಿಕೊಂಡಿ?” ಎಂದಳು ಅತ್ತೆ.

“ಥಂಡಿ ಆಗೈತ್ರಿ ಅತ್ತಿ,” ಎಂದಳು. ಬೆವರು ಸುರಿಯುತ್ತಿತ್ತು.

ಅಂದಿನಿಂದ ಅವಳಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಹೊಟ್ಟೆಯೊಳಗಿನ ಕೂಸಿನ ಮಿಸುಕಾಟವೂ ಕಡಿಮೆಯಾದಂತಿತ್ತು. ಇನ್ನೊಂದು ಕಡೆ ಮಾದೇವಿ ಇಳಿದುಹೋಗತೊಡಗಿದಳು. ಕೆನ್ನೆ ಒಳಸೇರಿತು, ಕಣ್ಣು ದೊಡ್ಡವಾದವು. “ಹುಡುಗಿಗೆ ಗಾಳಿ ಬಡದಂಗೈತಿ,” ಎಂದು ತಾಯವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇಂದ್ರವ್ವ ಅಡಿಗೆಮನೆಯ ಬಾಗಿಲಲ್ಲೇ ನಿಂತು ನೋಡಿದಳು. ಶಿವವ್ವ ಮಗಳ ಮೈಮೇಲೆ ಬಂದಾಯಿತು, ಇನ್ನು ನನ್ನ ಕೂಸಿನ ಪಾಳಿ ಎಂದುಕೊಂಡಳು.

ಅಮಾವಾಸ್ಯೆಯ ದಿನ ತಾಯವ್ವ ರಬಕವಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದಳು. ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ನಿಂತವು. ಗಿರಿಮಲ್ಲಪ್ಪ ಮತ್ತು ಆಳುಗಳು ಹೆಗಲ ಮೇಲಿನ ಟಾವೆಲ್ಲಿನಿಂದ ಬೆವರೊರೆಸಿಕೊಳ್ಳುತ್ತ ಚಹಾದಂಗಡಿಗೆ ನಡೆದರು. ಮನೆ ಗವ್ವೆಂದಿತು. ಆಗ ಹಿಂದಿನ ನೂಲಿನ ಕೋಣೆಯಿಂದ ಮಾದೇವಿಯ ಮಾತು ಕೇಳಿಸಿತು.

“ಅವ್ವಾ, ಹೊಸಾ ಅಂಗಿ ಹಾಕ್ಕೊಂಡೀನಿ. ಇವತ್ತರ ಬರತೀ?”

ಮಾತು ನಿಂತಿತು. ಆಚೆಯಿಂದ ಯಾರೋ ಉತ್ತರ ಕೊಡುವಷ್ಟು ಹೊತ್ತು ಸುಮ್ಮನಿತ್ತು. ಮತ್ತೆ ಅದೇ ದನಿ ಬಂತು.

“ಹೂಂ. ನಾ ಯಾರಿಗೂ ಹೇಳಿಲ್ಲ.”

ಇಂದ್ರವ್ವ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಬಾಗಿಲಿಗೆ ಓಡಿದಳು. ಓಡಿದಳು ಅಂದರೆ ಓಡಿಯೇ ಓಡಿದಳು, ಅದನ್ನು ಮುಚ್ಚಿಡುವುದೇಕೆ? ಆ ಮಗುವನ್ನು ಆ ಕೋಣೆಯಲ್ಲಿ ಬಿಟ್ಟು ಹೊಸ್ತಿಲು ದಾಟಿದಳು. ಬೀದಿಯಲ್ಲಿ ಸುಡುಸುಡು ಬಿಸಿಲು, ಒಂದು ನರಪಿಳ್ಳೆಯೂ ಇಲ್ಲ. ಅಲ್ಲಿಗೂ ಆ ದನಿ ಬಂತು. ಈ ಸಲ ಅದು ಮಾತಲ್ಲ, ನರಳಾಟ.

“ಹೊಟ್ಟಿ ಭಾಳ ನೋಯಾಕತ್ತೈತಿ, ಅವ್ವಾ. ಲಗೂನ ಬಾ.”

ಇಂದ್ರವ್ವ ನಿಂತಳು. ದೆವ್ವಕ್ಕೆ ಹೊಟ್ಟೆ ನೋಯುತ್ತದೆಯೆ? ನೋಯುತ್ತಿರುವುದು ಹುಡುಗಿಗೆ. ಅವಳಿಗೆ ಹೆದರಿಕೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆ ಹೆದರಿಕೆಯಲ್ಲೇ ಒಳಗೆ ಬಂದು, ಗೋಡೆ ಹಿಡಿದು ಹಿಂದಿನ ಕೋಣೆಗೆ ಹೋದಳು.

ನೂಲಿನ ಗಂಟುಗಳ ನಡುವೆ ಮಾದೇವಿ ಒಬ್ಬಳೇ ಕೂತಿದ್ದಳು. ಯುಗಾದಿಯ ಹಸಿರು ಅಂಗಿ ತೊಟ್ಟು, ನೀರು ಹಚ್ಚಿ ತಲೆ ಬಾಚಿಕೊಂಡು, ಎಲ್ಲಿಗೋ ಹೊರಟವಳಂತೆ ಸಿದ್ಧಳಾಗಿದ್ದಳು. ತುಟಿ ಒಣಗಿ ಬಿರಿದಿತ್ತು. ಅಂಗೈಯಲ್ಲಿ ಪುತ್ಥಳಿ ಇತ್ತು. ಅವಳ ಹಿಂದೆ ಗಂಟುಗಳ ಸಂದಿಯಲ್ಲಿ ಒಣಗಿದ ರೊಟ್ಟಿಗಳು, ಅವುಗಳ ಮೇಲೆ ಇರುವೆಯ ಸಾಲು. ಇಷ್ಟು ದಿನ ಹಾಕಿದ ರೊಟ್ಟಿಗಳೆಲ್ಲ ಅಲ್ಲೇ ಇದ್ದವು.

“ದಾರ ನೀನ ಕತ್ತರಿಸಿದೇನು?” ಇಂದ್ರವ್ವ ಬಾಗಿಲಲ್ಲೇ ನಿಂತು ಕೇಳಿದಳು.

“ಹೂಂ, ಚಿಗವ್ವ. ನೂಲು ಕತ್ತರಸೂ ಕತ್ತರೀಲೆ. ನೀ ಮಲಗಿದ್ದಿ. ನಿನಗ ಚುಚ್ಚಲಿಲ್ಲ, ಹೌದಿಲ್ಲೋ?”

“ಯಾಕ? ಯಾಕ ಹಂಗ ಮಾಡಿದಿ?”

“ಅವ್ವನ ಕೂಡ ಮಾತಾಡೂದಿತ್ತು. ಅಕಿ ನಿನ್ನ ಕೊರಳಾಗಿದ್ಲು. ನೀ ನನ್ನ ಹತ್ರ ಬರಗೊಡಂಗಿಲ್ಲ.” ಹುಡುಗಿ ಹೊಟ್ಟೆ ಒತ್ತಿ ಹಿಡಿದುಕೊಂಡು, ದೊಡ್ಡವರಿಗೆ ತಿಳಿಹೇಳುವಂತೆ ಹೇಳಿದಳು. “ಅವ್ವ ಅಲ್ಲೆ ಒಬ್ಬಾಕಿನ ಅದಾಳ, ಅದಕ್ಕ ಕೂಸಿನ್ನ ಒಯ್ಯತಾಳಂತ ಕೆಂಪವ್ವಾಯಿ ಅಂದ್ಲಲ್ಲ. ಕೂಸಿಗೆ ಮಾತಾಡಾಕ ಬರಂಗಿಲ್ಲ. ಅದನ್ನ ಒಯ್ದು ಅಕಿ ಏನ ಮಾಡತಾಳ? ಅದನ್ನ ಬಿಡು, ನಾ ಬರತೀನಿ ಅಂತ ಹೇಳೀನಿ.”

“ರೊಟ್ಟಿ? ರೊಟ್ಟಿ ಯಾಕ ತಿಂದಿಲ್ಲ?”

“ಅವ್ವನೂ ಹೋಗೂಮುಂದ ಉಣ್ಣೂದು ಬಿಟ್ಟಿದ್ಲು.”

ಇಂದ್ರವ್ವ ಗೋಡೆಗೆ ಒರಗಿ ಅಳತೊಡಗಿದಳು. ಹುಡುಗಿ ಅವಳನ್ನು ನೋಡಿ, ಸಮಾಧಾನ ಹೇಳುವವಳಂತೆ ಮೆಲ್ಲಗೆ ಅಂದಳು:

“ಅಳಬ್ಯಾಡ, ಚಿಗವ್ವ. ನಾ ಹೋದ್ರ ನಿನಗೂ ಛಲೋ ಆಕ್ಕೈತಿ. ನನ್ನ ಕಂಡ್ರ ನಿನಗ ಅಂಜಿಕಿ ಬರತೈತಿ.”

ಎರಡು ವರ್ಷ ಇಂದ್ರವ್ವ ಈ ಮನೆಯಲ್ಲಿ ದೆವ್ವವನ್ನು ಹುಡುಕಿದ್ದಳು. ಏಳು ವರ್ಷದ ಹುಡುಗಿ ಅವಳ ಕಣ್ಣೆದುರೇ ಸಾಯಲು ಹೊರಟಿದ್ದಳು, ಅದೂ ಅವಳ ಕೂಸಿಗಾಗಿ. ಕೆಳಗೆ ಕುಸಿದು ಕೂತು ಮಾದೇವಿಯನ್ನು ಬರಸೆಳೆದು ತೊಡೆಯ ಮೇಲೆ ಹಾಕಿಕೊಂಡಳು. ಮೊದಲ ಸಲ ಮುಟ್ಟಿದ್ದು. ಮೈ ಕೆಂಡದಂತೆ ಸುಡುತ್ತಿತ್ತು. ಹಿಡಿಯಷ್ಟೂ ತೂಕವಿರಲಿಲ್ಲ. ಈ ಮಗು ಉಳಿಯುತ್ತದೆಯೋ ಇಲ್ಲವೋ ಎಂಬ ಹೊಸ ಹೆದರಿಕೆ ಹುಟ್ಟಿತು. ಹಳೆಯದಕ್ಕಿಂತ ಇದು ದೊಡ್ಡದಿತ್ತು.

ಹುಡುಗಿಯನ್ನು ಎತ್ತಿಕೊಂಡೇ ಅಡಿಗೆಮನೆಗೆ ಹೋದಳು. ಮಜ್ಜಿಗೆಗೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿದಳು. ಮಾದೇವಿ ಮೊದಲು ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು. “ನಾನೂ ಕುಡೀತೇನಿ, ನೀನೂ ಕುಡಿ,” ಎಂದು ಇಂದ್ರವ್ವ ಒಂದು ಗುಟುಕು ತಾನು, ಒಂದು ಗುಟುಕು ಅವಳಿಗೆ ಎಂದು ಕುಡಿಯುತ್ತ ಕುಡಿಸಿದಳು. ಅವಳ ಹೊಟ್ಟೆಗೂ ಏನಾದರೂ ಸರಿಯಾಗಿ ಹೋದದ್ದು ಆವತ್ತೇ.

ಅಷ್ಟರಲ್ಲಿ ಕರೆಂಟು ಬಂತು. ಆಳುಗಳು ಓಡಿಬಂದು ಮಗ್ಗ ಹಾಕಿದರು. ಮನೆಯೆಲ್ಲ ಮತ್ತೆ ಖಟಕ್ ಖಟಕ್ ಎಂದಿತು. ಇಂದ್ರವ್ವ ಅರಿಷಿಣ ಕೊಂಬು ಕಿತ್ತುಹಾಕಿ ಪುತ್ಥಳಿಯನ್ನು ಪೋಣಿಸಿ ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ಅದನ್ನು ಬೆರಳಲ್ಲಿ ಎತ್ತಿ ಹಿಡಿದು, ಬನಹಟ್ಟಿಯ ಹೆಂಗಸರ ಹಾಗೆ ಗಂಟಲು ಹರಿಯುವಂತೆ ಕೂಗಿದಳು:

“ಅಕ್ಕಾ, ಕೇಳಾಕತ್ತೀ? ಸೀರಿ ಮೊದಲ ನಿನಗ ಕೊಡತೇನಿ. ಹೋಳಿಗಿ ಮೊದಲ ನಿನಗ ಇಡತೇನಿ. ಹುಡುಗರನ್ನ ಕೇಳಬ್ಯಾಡ! ಎರಡೂ ನನ್ನವು. ಒಂದನ್ನೂ ಕೊಡಂಗಿಲ್ಲ!”

ಸತ್ತವಳ ಎದುರು ಹೀಗೆ ಮಾತಾಡಿದವರು ಆ ಮನೆತನದಲ್ಲಿ ಯಾರೂ ಇರಲಿಲ್ಲ. ಏನಾಗುತ್ತದೋ ಎಂದು ಕಣ್ಣು ಮುಚ್ಚಿ ಕೂತಳು. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಹೊಟ್ಟೆಯೊಳಗಿನಿಂದ ಒಂದು ಒದೆ ಬಿತ್ತು, ತೊಡೆಯ ಮೇಲಿದ್ದ ಮಾದೇವಿಯ ಬೆನ್ನಿಗೇ. ಹುಡುಗಿ ಬೆಚ್ಚಿ ತಿರುಗಿ ನೋಡಿದಳು. ಇಂದ್ರವ್ವ ಅವಳ ಕೈ ಹಿಡಿದು ಆ ಜಾಗದ ಮೇಲೆ ಇಟ್ಟುಕೊಂಡಳು.

ಮಾದೇವಿ ಕೈ ತೆಗೆಯಲಿಲ್ಲ. ಆಮೇಲೆ ಮೊಣಕಾಲೂರಿ ಎದ್ದು, ಚಿಗವ್ವನ ಕೊರಳಿಗೆ ಬಾಯಿ ಹಚ್ಚಿ, ಮಗ್ಗದ ಸಪ್ಪಳದಲ್ಲಿ ತಾಯಿಗೆ ಕೇಳಿಸಲೆಂದು ಇದ್ದಷ್ಟು ಶಕ್ತಿ ಹಾಕಿ ಕೂಗಿದಳು:

“ಅವ್ವಾ, ನಾ ಬರಂಗಿಲ್ಲಬೇ! ಈಕಿ ಬಿಡವಲ್ಲಳು!”