ಗಂಗರತ್ನಮ್ಮನ ಕೈತುತ್ತು

ಹುತ್ತೂರಿನ ಆ ಮನೆಯಲ್ಲಿ ಒಂದೇ ವರ್ಷದಲ್ಲಿ ಮೂವರು ಜ್ವರ ಹಿಡಿದು ಮಲಗಿದರು. ಮೊದಲು ಗಂಗರತ್ನಮ್ಮನ ಮಗ ಅಮರನಾಥ್, ಆಮೇಲೆ ಸೊಸೆ ಅರ್ಪಿತ, ಈಗ ನಾಲ್ಕು ವರ್ಷದ ಮೊಮ್ಮಗಳು ಚಂದನ. ಮೂರು ಸಲವೂ ಕೋಲಾರದ ಡಾಕ್ಟರು ಟೈಫಾಯಿಡ್ ಎಂದರು. ಅಮರನಾಥ್ ಬೋರಿನ ನೀರು ಬಿಟ್ಟು ಫಿಲ್ಟರ್ ನೀರಿನ ಕ್ಯಾನು ತಂದ, ತೊಟ್ಟಿ ತೊಳೆಸಿದ, ಬೀದಿಯ ತಿಂಡಿ ನಿಲ್ಲಿಸಿದ. ಆದರೂ ಜ್ವರಕ್ಕೆ ಮನೆಯ ದಾರಿ ತಪ್ಪಲಿಲ್ಲ.

ಬೀಳದೆ ಉಳಿದವಳು ಗಂಗರತ್ನಮ್ಮ ಒಬ್ಬಳೇ. ಐವತ್ತೆರಡು ದಾಟಿದರೂ ಅವಳಿಗೆ ಒಂದು ನೆಗಡಿಯಿಲ್ಲ. ಮಗುವಿಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಾಗ ಕಾಯಿ ಚಟಪಟ ಸಿಡಿದವು, ಘಾಟು ಮಾತ್ರ ಏಳಲಿಲ್ಲ. ಭಾರಿ ಕಣ್ಣು ಬಿದ್ದಿದೆ ಎಂದುಕೊಂಡಳು. ಚಂದನ ಹಾಸಿಗೆಯಿಂದ ರೆಪ್ಪೆ ಮಿಟುಕಿಸದೆ ಅಜ್ಜಿಯನ್ನೇ ನೋಡುತ್ತಿತ್ತು.

ಪಕ್ಕದ ಮನೆಯ ಶಾಮಲಮ್ಮ ಗೋಡೆಯಾಚೆಯಿಂದ ಅಂದಿದ್ದಳು: "ನಿನ್ ಕೈಲಿ ಹುಳಾನೂ ಸಾಯಲ್ಲ. ನಿನ್ನ ಮನೆ ಜನಕ್ಕೆ ಮಾತ್ರ ಏನ್ ಬಂತೇ?"

ಹುಳುವಿನ ಮಾತು ನಿಜ. ಸುತ್ತಲ ರೇಷ್ಮೆ ಬೆಳೆಗಾರರ ತಟ್ಟೆಗಳಲ್ಲಿ ಸಪ್ಪೆರೋಗ ಬಂದು ಹುಳುಗಳು ಕೊಳೆತು ಜೋತಾಡಿದರೂ ಗಂಗರತ್ನಮ್ಮನ ಹುಳುಮನೆಗೆ ಅದು ಕಾಲಿಟ್ಟಿರಲಿಲ್ಲ. ಬಾಗಿಲಲ್ಲೇ ಬ್ಲೀಚಿಂಗ್ ಪುಡಿ ಕಲೆಸಿದ ನೀರು. ಮೊಣಕೈವರೆಗೆ ತೊಳೆದು, ಪಾದ ಅದ್ದಿ, ಬೇರೆ ಚಪ್ಪಲಿ ಮೆಟ್ಟಿಯೇ ಒಳಗೆ ಹೋಗುವುದು. ಸ್ವಂತ ಮಗನನ್ನೂ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ.

ಜ್ವರದ ಮನೆ ಎಂದು ವಿಚಾರಿಸಲು ಬಂದ ಆಶಾ ಕಾರ್ಯಕರ್ತೆ ಮೌನಿಕಾ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡಿದಳು. ಆಮೇಲೆ ನಡೆದದ್ದನ್ನೂ ನೋಡಿದಳು. ಗಂಗರತ್ನಮ್ಮ ಹಿತ್ತಲ ಕಕ್ಕಸಿಗೆ ಹೋಗಿ ಬಂದು, ಚೊಂಬಿನ ನೀರನ್ನು ಬೆರಳ ಮೇಲೆ ಸುರಿದುಕೊಂಡು, ಸೆರಗಿಗೆ ಒರೆಸಿಕೊಂಡು, ನೆಟ್ಟಗೆ ಅಡುಗೆಮನೆಗೆ ನಡೆದಳು. ತಣ್ಣೀರಿಗೆ ಕೈ ಅದ್ದಿ ಅದ್ದಿ ಮುದ್ದೆ ಕಟ್ಟಿದಳು.

"ಅಕ್ಕ, ಹುಳುಮನೆಗೆ ಅಷ್ಟು ತೊಳೀತೀರ. ಅಡುಗೆಮನೆಗೆ?"

"ಹುಳ ನಾಜೂಕು ಕಣೇ. ಮನುಷ್ಯರು ಕಲ್ಲು ತಿಂದ್ರೂ ಅರಗಿಸ್ಕೊಂತಾರೆ."

ಮೌನಿಕಾ ನಗಲಿಲ್ಲ. ಮನೆಯ ಎಲ್ಲರ ಮಲ ಪರೀಕ್ಷೆಯಾಗಬೇಕು ಎಂದು ಪುಟ್ಟ ಡಬ್ಬಿಗಳನ್ನು ಕೊಟ್ಟು ಹೋದಳು. ಗಂಗರತ್ನಮ್ಮನಿಗೆ ಅಸಹ್ಯವೂ ನಾಚಿಕೆಯೂ ಆಯಿತು. ಮಗ ಗದರಿದ ಮೇಲೆ ಕೊಟ್ಟಳು.

ವಾರದ ನಂತರ ಮೌನಿಕಾ ಅವಳನ್ನು ಹುಡುಕಿಕೊಂಡು ಹಿಪ್ಪುನೇರಳೆ ತೋಟಕ್ಕೇ ಬಂದಳು. ಮೊದಲು ಯಾವಾಗಲಾದರೂ ದೊಡ್ಡ ಜ್ವರ ಬಂದಿತ್ತೇ ಎಂದು ಕೇಳಿದಳು. ಹನ್ನೆರಡು ವರ್ಷದ ಹಿಂದೆ ಬಂದಿತ್ತು, ವಾಸಿಯಾಯಿತು ಎಂದಳು ಗಂಗರತ್ನಮ್ಮ.

"ಜ್ವರ ಹೋಯ್ತು. ಅದರ ಕ್ರಿಮಿ ಹೋಗಿಲ್ಲ ಅಕ್ಕ. ನಿಮ್ಗೇನೂ ಮಾಡ್ದೆ ಒಳಗೇ ಕೂತಿದೆ, ಪರೀಕ್ಷೇಲಿ ಸಿಕ್ತು."

ಪಿತ್ತಕೋಶದಲ್ಲಿ ಕೂತಿರುತ್ತದೆ, ಮಲದಲ್ಲಿ ಹೊರಬರುತ್ತದೆ, ಸೋಪು ಕಾಣದ ಕೈಯಿಂದ ಅನ್ನಕ್ಕೆ, ಅನ್ನದಿಂದ ಇನ್ನೊಬ್ಬರ ಕರುಳಿಗೆ ಹೋಗುತ್ತದೆ ಎಂದು ಅವಳು ವಿವರಿಸಿದಳು. ಒಂದು ತಿಂಗಳು ಮಾತ್ರೆ ನುಂಗಬೇಕು, ಪರೀಕ್ಷೆ ಶುದ್ಧವಾಗಿ ಬರುವವರೆಗೆ ಯಾರಿಗೂ ಅಡುಗೆ ಮಾಡಬಾರದು, ಬಡಿಸಬಾರದು. ಮನೆಯಲ್ಲಿ ನೀವೇ ಹೇಳ್ತೀರೋ ನಾನು ಹೇಳಲೋ ಎಂದು ಕೇಳಿದಾಗ, ತಾನೇ ಹೇಳುವೆನೆಂದಳು ಗಂಗರತ್ನಮ್ಮ.

ಮೌನಿಕಾ ಹೋದ ಮೇಲೆ ಗಿಡಗಳ ಸಾಲಿನ ನಡುವೆ ಹಾಗೇ ನಿಂತಳು. ಗಾಳಿಯಿರಲಿಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಬೆಚ್ಚಗೆ, ಮೆತ್ತಗೆ, ಎಂದಿನ ಹೊಟ್ಟೆಯೇ. ತಾನು ಉಂಡಾಗ ಒಳಗಿನ ಆ ಕ್ರಿಮಿಯೂ ಉಂಡಿತ್ತು, ತಾನು ಮಲಗಿದಾಗ ಅದೂ ಮಲಗಿತ್ತು, ಹನ್ನೆರಡು ವರ್ಷ.

ಆಗ ಸರಳಾ ನೆನಪಾದಳು. ಗಂಡನ ತಂಗಿ. ಎಂಟು ವರ್ಷದ ಹಿಂದೆ ಬಾಣಂತನಕ್ಕೆಂದು ಈ ಮನೆಗೆ ಬಂದವಳು. ಬರುವಾಗ ಕೆನ್ನೆ ತುಂಬಿಕೊಂಡೇ ಬಂದಿದ್ದಳು. ಅತ್ತಿಗೆಯಾದ ಗಂಗರತ್ನಮ್ಮ ತುಪ್ಪ ಕಲಸಿದ ಅನ್ನ ತಾನೇ ತುತ್ತು ಮಾಡಿ ಉಣಿಸಿದಳು. ಮೂರನೆಯ ವಾರ ಜ್ವರ. ಕರುಳು ತೂತಾಗಿದೆ ಎಂದು ಆಸ್ಪತ್ರೆಯವರು ಹೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೆಯ ದಿನಗಳಲ್ಲಿ ಸರಳಾ ತುತ್ತು ಕಂಡರೆ ಮುಖ ತಿರುಗಿಸುತ್ತಿದ್ದಳು. ಹಟ ಎಂದುಕೊಂಡು ಗಂಗರತ್ನಮ್ಮ ಅವಳ ಗದ್ದ ಹಿಡಿದು ಬಾಯಿಗಿಟ್ಟಿದ್ದಳು. ಸರಳಾ ಅಂದು ನೋಡಿದ ನೋಟಕ್ಕೆ ಈಗ ಬೇರೆ ಅರ್ಥ ಬಂದಂತಾಯಿತು.

ಹೇಳದೆ ಇದ್ದರೂ ಆದೀತು, ಸುಮ್ಮನೆ ಮಾತ್ರೆ ನುಂಗಿ ಕೈ ತೊಳೆದುಕೊಂಡರಾಯಿತು ಎಂದು ಮನೆಯ ದಾರಿಯುದ್ದಕ್ಕೂ ಅವಳಿಗೆ ಅನ್ನಿಸುತ್ತಲೇ ಇತ್ತು. ಸರಳಾಳ ವಿಷಯವಂತೂ ಯಾರೂ ಕೇಳುವುದಿಲ್ಲ.

ಮನೆಯಲ್ಲಿ ಚಂದನಳ ಜ್ವರ ಬಿಟ್ಟಿತ್ತು. ಹತ್ತು ದಿನದ ಮೇಲೆ ಮೊದಲ ಸಲ ಹಸಿವು ಎಂದಿತ್ತು ಮಗು. ಅರ್ಪಿತ ಅನ್ನದ ತಟ್ಟೆ ಹಿಡಿದು ಎದುರಿಗೆ ಬಂದಳು.

"ನೀವೇ ತಿನ್ಸಿ ಅತ್ತೆ. ನಿಮ್ಮ ಕೈಲಾದ್ರೇ ತಿಂತಾಳಂತೆ."

ಚಂದನ ಆಗಲೇ ಬಾಯಿ ತೆರೆದು ನಿಂತಿತ್ತು. ಗಂಗರತ್ನಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಏನೂ ಕಾಣಲಿಲ್ಲ. ಸೊಪ್ಪಿನ ಹಸಿರು ಕಲೆ, ಅಷ್ಟೇ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನೀನೇ ತಿನ್ಸಮ್ಮ. ನಿಮ್ ಮೂರೂ ಜನದ ಜ್ವರ ನನ್ನ ಕೈಯಿಂದಾನೇ ಬಂದಿದ್ದು. ಪರೀಕ್ಷೇಲಿ ಗೊತ್ತಾಯ್ತು. ಸರಳಾಂಗೂ ನಾನೇ ಕೊಟ್ಟಿದ್ದು ಅನ್ಸುತ್ತೆ."

ಅರ್ಪಿತ ತಟ್ಟೆಯನ್ನು ಮೆಲ್ಲನೆ ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಬಗ್ಗಿ ಮಗುವನ್ನು ಸೊಂಟಕ್ಕೆತ್ತಿಕೊಂಡು ಒಳಗೆ ನಡೆದಳು. ತಾಯಿಯ ಹೆಗಲ ಮೇಲಿಂದ ಚಂದನ ಅಜ್ಜಿಯತ್ತ ತಿರುಗಿ, ಇನ್ನೂ ಬಾಯಿ ತೆರೆದೇ ಇತ್ತು.