ನಾಡಿ ಪಂಡಿತ ಆರಿಸಿದ ಕಾರು

ಹಳೆಯ ಕಾರು ಕೊಳ್ಳಬೇಕೆಂದವರು ಬ್ಯಾಂಕಿಗೂ ಹೋಗುವ ಮೊದಲು ನಾಡಿ ಪಂಡಿತನ ಮನೆಗೆ ಬರುತ್ತಿದ್ದರು. ಪಂಡಿತನೆಂದರೆ ಬೇರು ನಾರು ಅರೆಯುವವನೇನಲ್ಲ, ನೀರು ಸರಬರಾಜು ಕಚೇರಿಯ ಹಿರಿಯ ಗುಮಾಸ್ತ. ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಾರಿನ ಹಿಂದುಮುಂದನ್ನೆಲ್ಲ ಹೇಳಿಬಿಡುತ್ತಾನೆಂದು ಕಚೇರಿಯವರು ತಮಾಷೆಗೆ ಇಟ್ಟ ಹೆಸರು ಅದು. ತಮಾಷೆ ಹೋಗಿ ಹೆಸರು ಮಾತ್ರ ಉಳಿಯಿತು.

ಅವನ ಪರೀಕ್ಷೆಯೆಂದರೆ ಹುಡುಗಾಟವಲ್ಲ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮಾರುವವನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದನೋ, ಬಂದ ದಾರಿಗೆ ಸುಂಕವಿಲ್ಲವೆಂದು ಅಲ್ಲಿಂದಲೇ ವಾಪಸ್ಸು. ಮೀಟರು ಮೂವತ್ತು ಸಾವಿರ ತೋರಿಸಿ ಬ್ರೇಕ್ ಪೆಡಲಿನ ರಬ್ಬರು ಸವೆದು ಬೋಳಾಗಿದ್ದರೆ, "ಮೀಟರಿಗೆ ಸುಳ್ಳು ಹೇಳೋಕೆ ಕಲಿಸಬಹುದು ಸ್ವಾಮಿ, ಪೆಡಲಿಗೆ ಕಲಿಸೋಕಾಗಲ್ಲ" ಅನ್ನುತ್ತಿದ್ದ. ಆಮೇಲೆ ಡಿಕ್ಕಿಯ ಕಾರ್ಪೆಟ್ಟು ಎತ್ತಿ, ಸ್ಟೆಪ್ನಿ ಚಕ್ರ ಹೊರಗೆ ತೆಗೆದು, ಅದರ ಗುಂಡಿಯೊಳಗೆ ಬೆರಳಾಡಿಸಿ ಮೂಸುತ್ತಿದ್ದ. ಇಷ್ಟೆಲ್ಲ ಮಾಡಿ ಒಂದು ಕಾಸು ಮುಟ್ಟುತ್ತಿರಲಿಲ್ಲ. ಅವನು ಆರಿಸಿಕೊಟ್ಟ ಇಪ್ಪತ್ತಮೂರು ಕಾರುಗಳಲ್ಲಿ ಒಂದೂ ನಡುದಾರಿಯಲ್ಲಿ ಕೈಕೊಟ್ಟಿರಲಿಲ್ಲ, ಆ ಲೆಕ್ಕವನ್ನು ಕೇಳದವರಿಗೂ ಹೇಳುತ್ತಿದ್ದ.

ಇಂಥವನ ಹೆಂಡತಿಗೇ ಒಂದು ಕಾರು ಬೇಕಾಗಿ ಬಂತು. ಮದುವೆಗೆ ಮುಂಚೆ ಅವಳು ರಕ್ತ ಪರೀಕ್ಷೆಯ ಕೋರ್ಸು ಮುಗಿಸಿದ್ದಳು, ಕಾರು ಓಡಿಸಲೂ ಕಲಿತಿದ್ದಳು. ಆಮೇಲೆ ಹನ್ನೊಂದು ವರ್ಷ ಸೌಟು ಹಿಡಿದಿದ್ದೇ ಬಂತು. ಈಗ ನಲವತ್ತು ಕಿಲೋಮೀಟರ್ ದೂರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು, ಸೇರಲು ಒಂದು ತಿಂಗಳ ಸಮಯವಿತ್ತು. ಬೆಳಗ್ಗೆ ಏಳಕ್ಕೆ ಡ್ಯೂಟಿ, ಮೊದಲ ಬಸ್ಸು ಅಲ್ಲಿಗೆ ಮುಟ್ಟುವುದೇ ಎಂಟೂಕಾಲಿಗೆ. ಲ್ಯಾಬಿನ ದೊಡ್ಡ ಮೇಡಂ ಆಯ್ಕೆಯ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರು: "ಆರು ತಿಂಗಳು ನೋಡ್ತೀವಿ. ಮೂರು ಸಲ ತಡ ಆದ್ರೆ, ನಾಲ್ಕನೇ ಸಲ ಬರೋ ತೊಂದ್ರೆ ತಗೋಬೇಡಿ."

ಗಂಡ ಬೇಡವೆನ್ನಲಿಲ್ಲ. ಅವಳು ಹೆದರಿಕೊಂಡೇ ಕೇಳಿದ್ದಳು, ಅವನು ನಕ್ಕುಬಿಟ್ಟ. "ಹೋಗೇ, ಯಾರು ಬೇಡ ಅಂದ್ರು? ನಾನೇನು ಹಳೇ ಕಾಲದವನಾ? ಕಾರು ನಾನೇ ಹುಡುಕ್ತೀನಿ."

ಹದಿನೈದು ದಿನದಲ್ಲಿ ಹುಡುಕಿದ. ಬೂದು ಬಣ್ಣದ ಸಣ್ಣ ಕಾರು. ಕಡಿಮೆ ಬೆಲೆ, ಲೀಟರಿಗೆ ಇಪ್ಪತ್ತು ಕೊಡುತ್ತೆ, ಬಿಡಿಭಾಗ ಯಾವ ಅಂಗಡಿಯಲ್ಲಾದರೂ ಸಿಗುತ್ತೆ, ದಿನಾ ಓಡಾಡುವವರಿಗೆ ಹೇಳಿ ಮಾಡಿಸಿದ ಗಾಡಿ ಅಂದ. ಅವಳ ಅಮ್ಮ ಸಾಯುವಾಗ ಬಿಟ್ಟುಹೋದ ಹಣ ಬ್ಯಾಂಕಿನಲ್ಲಿತ್ತು, ಅದನ್ನು ಪೂರ್ತಿ ತೆಗೆದು ಕೊಟ್ಟಳು. "ನಾನೂ ಒಂದು ಸಲ ನೋಡಲಾ?" ಎಂದಿದ್ದಕ್ಕೆ, "ನೋಡಿ ಏನು ಮಾಡ್ತೀಯ, ಬಣ್ಣ ಚೆನ್ನಾಗಿದೆ ಅಂತೀಯ ಅಷ್ಟೇ" ಎಂದು ಕೆನ್ನೆ ಹಿಂಡಿದ. ಇಪ್ಪತ್ತನಾಲ್ಕನೆಯ ಕಾರು ತನ್ನದೆಂದು ಅವಳಿಗೆ ಹೆಮ್ಮೆಯೇ ಆಯಿತು, ಪಾಪ.

ಕೆಲಸಕ್ಕೆ ಸೇರಿದ ಎಂಟನೇ ದಿನ ಬೆಳಗ್ಗೆ ಆರೂಕಾಲಿಗೆ ಬಯಲಿನ ನಡುವೆ ಆ ಕಾರಿನ ಮೀಟರಿನ ಸುತ್ತಲ ದೀಪಗಳೆಲ್ಲ ಒಟ್ಟಿಗೆ ಹತ್ತಿ ಒಟ್ಟಿಗೆ ಆರಿದವು. ಕಾರು ನಿಂತಿತು, ಮತ್ತೆ ಉಸಿರೆತ್ತಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಏನೂ ಆಗಿಯೇ ಇಲ್ಲವೆಂಬಂತೆ ತಾನಾಗಿ ಸ್ಟಾರ್ಟ್ ಆಯಿತು. ಅವಳು ಲ್ಯಾಬಿಗೆ ಮುಟ್ಟಿದಾಗ ರೋಗಿಗಳ ಸಾಲು ಮೆಟ್ಟಿಲಿಗೆ ಬಂದಿತ್ತು. ಮೇಡಂ ಹಾಜರಿ ಪುಸ್ತಕದಲ್ಲಿ ಕೆಂಪು ಗೀಟು ಎಳೆದರು. ಮುಂದಿನ ವಾರ ಮತ್ತೆ ಹಾಗೇ ಆಯಿತು. ಈ ಸಲ ಹಾಲಿನ ವ್ಯಾನಿನವನ ಕೈಕಾಲು ಹಿಡಿದು, ಕ್ಯಾನುಗಳ ನಡುವೆ ಕೂತು ಹೋದಳು. ಎರಡನೇ ಗೀಟು ಬಿತ್ತು.

ಆ ಸಂಜೆ ಗಂಡ ಎಂದೂ ಇಲ್ಲದ ಅಕ್ಕರೆಯಿಂದ ಅವಳ ಪಕ್ಕ ಕೂತ. ಕಾಲಿಗೆ ಬಿಸಿನೀರು ತಂದಿಟ್ಟ. "ಹಳೇ ಗಾಡಿ ಅಂದ್ಮೇಲೆ ಇದ್ದದ್ದೇ ಕಣೇ. ಕಷ್ಟ ಆದ್ರೆ ಬಿಟ್ಟುಬಿಡು. ನಾನಂತೂ ಒಂದು ಮಾತು ಅನ್ನಲ್ಲ." ಅವಳಿಗೆ ಅಳು ಬಂತು. ಎಂಥ ಒಳ್ಳೆಯ ಗಂಡ, ತನ್ನ ಹಣೆಬರಹವೇ ನೆಟ್ಟಗಿಲ್ಲ ಅಂದುಕೊಂಡಳು.

ಆದರೆ ಅವಳಿಗೆ ಕೆಲಸ ಬಿಡುವ ಮನಸ್ಸಿರಲಿಲ್ಲ. ಬುಧವಾರ ಒಂದು ದಿನ ರಜೆ ಕೇಳಿ, ಗಂಡನಿಗೆ ಹೇಳದೆ ಕಾರನ್ನು ಗ್ರೀಸಣ್ಣನ ಗ್ಯಾರೇಜಿಗೆ ತಂದಳು. ಗ್ರೀಸಣ್ಣ ನಾಡಿ ಪಂಡಿತನ ಹಳೆಯ ಗೆಳೆಯ, ಅವನಿಗೆ ಅನುಮಾನ ಬಂದ ಗಾಡಿಗಳನ್ನು ಎತ್ತಿ ಅಡಿಭಾಗ ತೋರಿಸುತ್ತಿದ್ದವನು. ಕಾರನ್ನು ನೋಡಿದ್ದೇ ಅವನ ಮುಖ ಪೆಚ್ಚಾಯಿತು. ಅವಳಿಗೆ ಅದು ಸಿಕ್ಕಿಬಿದ್ದ ಕಳ್ಳನ ಮುಖದಂತೆ ಕಂಡಿತು.

"ಏನ್ರೀ ಗ್ರೀಸಣ್ಣ, ನಿಮ್ಮ ಕೈಲಿ ಹಾದು ಬಂದ ಗಾಡಿ ಹಿಂಗಾ ಇರೋದು? ಅವರು ನಿಮ್ಮನ್ನ ನಂಬಿ ತಂದ್ರು. ಎಷ್ಟು ತಿಂದ್ರಿ ಮಾರಿದವನ ಹತ್ರ?"

ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಗ್ಯಾರೇಜಿನವರೆಲ್ಲ ಸ್ಪ್ಯಾನರು ಕೆಳಗಿಟ್ಟು ನೋಡುತ್ತಿದ್ದರು. ಅದುವರೆಗೆ ತಲೆ ತಗ್ಗಿಸಿದ್ದ ಗ್ರೀಸಣ್ಣ ದುಡ್ಡು ತಿಂದ ಮಾತು ಬಂದದ್ದೇ ಕೆರಳಿದ. ಡಿಕ್ಕಿ ತೆಗೆದ, ಕಾರ್ಪೆಟ್ಟು ಕಿತ್ತ, ಸ್ಟೆಪ್ನಿಯನ್ನು ಎಳೆದು ಆಚೆ ಎಸೆದ. ಗುಂಡಿಯ ಮೂಲೆಯಿಂದ ಬೆರಳಿನಲ್ಲಿ ಗೀರಿ ಅವಳ ಅಂಗೈಗೆ ಹಾಕಿದ. ಹಿಟ್ಟಿನಂಥ ನುಣುಪಾದ ಒಣ ಕೆಸರು.

"ಇದು ಪ್ರವಾಹದಲ್ಲಿ ಸೀಟಿನ ತನಕ ಮುಳುಗಿದ್ದ ಗಾಡಿ ತಾಯಿ. ವೈರು ವೈರಿಗೂ ನೀರು ಕುಡಿದಿದೆ. ಯಾವಾಗ ನಿಲ್ಲುತ್ತೆ, ಯಾವಾಗ ಓಡುತ್ತೆ ದೇವರಿಗೇ ಗೊತ್ತು. ನಾನೇ ಎತ್ತಿ ತೋರ್ಸಿದೀನಿ ನಿಮ್ಮ ಯಜಮಾನ್ರಿಗೆ. ಶತ್ರುಗೂ ಬೇಡ ಅಂದೆ."

"ಮತ್ತೆ?"

ಗ್ರೀಸಣ್ಣ ಕೈ ಒರೆಸಿಕೊಂಡ. ಹೇಳಬಾರದಿತ್ತು ಎನ್ನುವುದು ಅವನ ಮುಖದಲ್ಲೇ ಇತ್ತು. ಆದರೆ ಅರ್ಧ ಹೇಳಿ ಅರ್ಧ ನುಂಗಿದರೆ ಕಳ್ಳನೆಂಬ ಹೆಸರು ಅವನಿಗೇ ಉಳಿಯುತ್ತಿತ್ತು.

"'ನನಗೆ ಬೇಕಾದ್ದೇ ಇಂಥದ್ದು' ಅಂದ್ರು. 'ನಾಲ್ಕು ಸಲ ರಸ್ತೇಲಿ ನಿಂತ್ರೆ ತಾನೇ ಸುಸ್ತಾಗಿ ಮನೇಲಿ ಕೂರ್ತಾಳೆ. ನಾನ್ಯಾಕೆ ಬೇಡ ಅಂದು ಕೆಟ್ಟವನಾಗ್ಲಿ?' ಅಂದ್ರು. ನಕ್ಕೊಂಡೇ ಅಂದ್ರು. ನಾನು ತಮಾಷೆ ಅಂದ್ಕೊಂಡೆ ತಾಯಿ."

ಅವಳು ಅಂಗೈಯ ಕೆಸರನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ಕಾರು ಹತ್ತಿದಳು. ದಾರಿಯಲ್ಲಿ ಅವಳಿಗೆ ಅಳು ಬರಲಿಲ್ಲ. ಬಿಸಿನೀರು ತಂದಿಟ್ಟ ಆ ಕೈಗಳು ನೆನಪಾದವು. ಬೇಡವೆಂದು ಗದರಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು, ಸೋಲಲೂಬಹುದಿತ್ತು. ಈ ಪುಣ್ಯಾತ್ಮ ಜಗಳಕ್ಕೂ ಜಾಗ ಬಿಟ್ಟಿರಲಿಲ್ಲ.

ಮೂರು ದಿನ ಅವಳು ಬಾಯಿ ಬಿಡಲಿಲ್ಲ. ಬೈದರೆ ಗ್ರೀಸಣ್ಣ ಸುಳ್ಳ ಅನ್ನುತ್ತಾನೆ, ಅತ್ತರೆ ಮತ್ತೆ ಬಿಸಿನೀರು ತರುತ್ತಾನೆ. ಆ ಮೂರು ದಿನವೂ ನಾಲ್ಕೂವರೆಗೇ ಮನೆ ಬಿಟ್ಟು, ಕಾರು ನಿಂತರೂ ಏಳರೊಳಗೆ ಮುಟ್ಟುವಂತೆ ಹೋದಳು. ಹಾಗೆ ಎಷ್ಟು ದಿನ? ಉಳಿದಿದ್ದದ್ದು ಒಂದೇ ಗೀಟು.

ಭಾನುವಾರ ಊಟದ ಹೊತ್ತಿಗೆ ನಾದಿನಿ ತನ್ನ ಗಂಡನ ಜೊತೆ ಬಂದಳು. ಸೊಂಟದಲ್ಲಿ ಮಗಳು ಪುಟ್ಟಿ. ಆರು ತುಂಬಿದರೂ ಪುಟ್ಟಿಯ ಕಾಲುಗಳಿಗೆ ಬಲ ಬಂದಿರಲಿಲ್ಲ. ವಾರಕ್ಕೆ ಮೂರು ದಿನ ಎರಡು ಬಸ್ಸು ಬದಲಿಸಿ ಅವಳನ್ನು ಕಾಲಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕು. ನಾದಿನಿಯೂ ಅವಳ ಗಂಡನೂ ಎರಡು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಒಂದಿಷ್ಟು ಕೂಡಿಟ್ಟಿದ್ದರು.

"ಅಣ್ಣ, ನನಗೂ ಒಂದು ಕಾರು ಆರಿಸಿಕೊಡು. ನಿನ್ನ ಬಿಟ್ರೆ ನನಗ್ಯಾರಿದಾರೆ?" ಎಂದಳು ನಾದಿನಿ. ಮಾತು ಸುಳ್ಳಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅವನೇ. ಲೋಕದಲ್ಲಿ ಅವನು ಮುಚ್ಚುಮರೆಯಿಲ್ಲದೆ ಪ್ರೀತಿಸುತ್ತಿದ್ದದ್ದು ಅವಳೊಬ್ಬಳನ್ನೇ.

ನೀರು ಬಡಿಸುತ್ತಿದ್ದ ಹೆಂಡತಿಯ ಬಾಯಿಂದ ಮಾತು ತಾನಾಗಿ ಬಂತು. "ಹುಡುಕೋದ್ಯಾಕೆ? ನನ್ನ ಕಾರೇ ತಗೊಂಬಿಡು. ಅಣ್ಣ ಆರಿಸಿದ್ದೇ. ಕೊಟ್ಟಷ್ಟೇ ಬೆಲೆಗೆ ಕೊಡ್ತೀನಿ."

"ಅಯ್ಯೋ ಅತ್ತಿಗೆ, ನಿಜವಾಗ್ಲೂ? ಮತ್ತೆ ನಿಮಗೆ?"

"ನನಗೆ ಬೇರೆ ಹುಡುಕ್ತಾರೆ ಬಿಡು, ನಿನಗೆ ಅವಸರ ಜಾಸ್ತಿ. ಅಲ್ವೇನ್ರೀ?"

ನಾಡಿ ಪಂಡಿತನ ತುತ್ತು ಅರ್ಧದಲ್ಲಿ ನಿಂತಿತು. "ಅದು ನಿನಗೆ ಸರಿಹೋಗಲ್ಲ ಕಣಮ್ಮ" ಎಂದ ತಂಗಿಗೆ.

"ಯಾಕ್ರೀ? ಏನಾದ್ರೂ ಕೊರತೆ ಇದೆಯಾ ಅದ್ರಲ್ಲಿ?" ಹೆಂಡತಿ ಲೋಟಕ್ಕೆ ನೀರು ಸುರಿಯುತ್ತಲೇ ಕೇಳಿದಳು.

"ಕೊರತೆ ಅಂತಲ್ಲ... ಮೈಲೇಜು..."

"ಇಪ್ಪತ್ತು ಕೊಡುತ್ತೆ ಅಂದಿದ್ರಿ."

"ಸಣ್ಣದಾಯ್ತು, ಮಗು ಬೇರೆ..."

"ಪುಟ್ಟಿ ಆನೆಮರೀನಾ?" ನಾದಿನಿಯ ಗಂಡ ನಕ್ಕ. "ಹೇಳಿ ಭಾವ, ಏನಾದ್ರೂ ದೋಷ ಇದ್ರೆ ಈಗ್ಲೇ ಹೇಳಿಬಿಡಿ. ನೀವು ಆರಿಸಿದ್ರಲ್ಲಿ ದೋಷ ಅಂದ್ರೆ ಊರೆಲ್ಲ ನಗುತ್ತೆ ಅಷ್ಟೇ."

ಆಗ ನಾಡಿ ಪಂಡಿತ ಕತ್ತೆತ್ತಿ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಅವಳಿಗೆ ಎಲ್ಲ ಗೊತ್ತಾಗಿದೆಯೆಂದು ಅವನಿಗೆ ಅರ್ಥವಾಯಿತು. ಹೇಳು, ಹೇಳು ಎಂದು ಅವಳು ಒಳಗೊಳಗೇ ಹಲ್ಲು ಕಚ್ಚಿದಳು. ಪರರಿಗೆ ಹೇಳದಿದ್ದರೂ ತಂಗಿಗೆ ಹೇಳಿಯೇ ಹೇಳುತ್ತಾನೆ, ತಪ್ಪಾಯಿತೆಂದು ಎಲ್ಲರ ಮುಂದೆ ಒಂದು ಸಲ ಅಂದರೆ ಸಾಕು, ತಾನೂ ಮರೆಯುವ ಪ್ರಯತ್ನ ಮಾಡುತ್ತೇನೆ ಅಂದುಕೊಂಡಳು. ಅವಳಿಗೆ ಬೇಕಾಗಿದ್ದದ್ದು ನಿಜಕ್ಕೂ ಅಷ್ಟೇ.

"ಹೇಳಣ್ಣ, ತಗೊಳ್ಲಾ?" ಎಂದಳು ನಾದಿನಿ. ಪುಟ್ಟಿ ಮಾವನ ತಟ್ಟೆಗೆ ಕೈ ಹಾಕುತ್ತಿದ್ದಳು. ಅವನು ಆ ಪುಟ್ಟ ಕೈಯನ್ನು ಮೆಲ್ಲಗೆ ಸರಿಸಿ, ನೀರು ಕುಡಿದು, ಬಾಯಿ ಒರೆಸಿಕೊಂಡ.

"ಕಣ್ಣು ಮುಚ್ಕೊಂಡು ತಗೋ" ಎಂದ.

ಹೆಂಡತಿಗೆ ಕೈಯಲ್ಲಿದ್ದ ಚೊಂಬು ಭಾರವಾಯಿತು. ಇನ್ನೂ ಕಾಲ ಮೀರಿರಲಿಲ್ಲ. ಒಂದು ಮಾತು ತಾನೇ ಅಂದರೆ ಮುಗಿಯುತ್ತಿತ್ತು. ಅಂದರೆ ಆ ದರಿದ್ರ ಕಾರು ತನ್ನ ಕೊರಳಿಗೇ ಉಳಿಯುತ್ತದೆ, ಅಮ್ಮನ ಹಣ ನೀರುಪಾಲು, ಮೂರನೇ ಗೀಟು ಇವತ್ತಲ್ಲ ನಾಳೆ, ಆಮೇಲೆ ಸಾಯುವ ತನಕ ಇದೇ ಒಲೆ, ಇದೇ ಚೊಂಬು. ನಾದಿನಿ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. "ಅತ್ತಿಗೆ, ನಿಮ್ಮ ಋಣ ತೀರಿಸೋಕಾಗಲ್ಲ." ಅವಳು ನಾದಿನಿಯ ಬೆನ್ನು ಸವರಿದಳು, ಒಳಗೆ ಹೋಗಿ ಕಾರಿನ ಕಾಗದಗಳನ್ನೂ ಎರಡು ಬೀಗದಕೈಗಳನ್ನೂ ತಂದು ಕೊಟ್ಟಳು.

ಅವರು ಹೋದ ಮೇಲೆ ಗಂಡ ಬಾಗಿಲ ಬಳಿಯೇ ನಿಂತಿದ್ದ.

"ನಿನಗೆ ಯಾವಾಗ ಗೊತ್ತಾಯ್ತು?"

"ಬುಧವಾರ."

"ಮತ್ತೆ ಸುಮ್ನೆ ಕೊಟ್ಟೆಯಲ್ಲ? ಆ ಮಗೂನ ಕರ್ಕೊಂಡು ಓಡಾಡೋಳು ಅವಳು."

"ನಿಮ್ಮ ತಂಗಿ. ನೀವು ಹೇಳ್ಲಿಲ್ಲ, ನಾನ್ಯಾಕೆ ಹೇಳ್ಲಿ?" ಎಂದು ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅದೇ ವಾರ ಅವನು ಬೇರೆ ಕಾರು ಹುಡುಕಿದ. ಈ ಸಲ ಅವಳೂ ಜೊತೆಗಿದ್ದಳು. ತಣ್ಣನೆಯ ಇಂಜಿನ್, ಪೆಡಲು, ಟೈರು ಎಲ್ಲವನ್ನೂ ಅವನು ತಲೆ ತಗ್ಗಿಸಿ ನೋಡಿದ. ಡಿಕ್ಕಿಯ ಗುಂಡಿಗೆ ಅವಳೇ ಕೈ ಹಾಕಿ ಮೂಸಿದಳು. ಬಿಳಿ ಬಣ್ಣದ, ಟೀಚರಮ್ಮ ಒಬ್ಬರೇ ಓಡಿಸಿದ್ದ ಅಚ್ಚುಕಟ್ಟಾದ ಕಾರು. ನಾದಿನಿಯ ಹಣ ಸರಿಯಾಗಿ ಸಾಕಾಯಿತು. ಅಂದಿನಿಂದ ಹಾಜರಿ ಪುಸ್ತಕದಲ್ಲಿ ಕೆಂಪು ಗೀಟು ಬೀಳಲಿಲ್ಲ. ಮನೆಯಲ್ಲಿ ಜಗಳವೂ ಇರಲಿಲ್ಲ. ಕಳ್ಳರಿಬ್ಬರು ಒಂದೇ ಕೋಣೆಯಲ್ಲಿ ಇರುವಾಗ ಜಗಳ ಎಲ್ಲಿಂದ ಬರಬೇಕು?

ಇಪ್ಪತ್ತು ದಿನ ಕಳೆದಿರಬೇಕು. ಆ ವಾರ ಅವಳಿಗೆ ಮಧ್ಯಾಹ್ನದ ಪಾಳಿ, ಗಂಡನಿಗೆ ರಜೆ. ಹನ್ನೊಂದು ಗಂಟೆಗೆ ಮೇಜಿನ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ಮೇಲೆ 'ತಂಗಿ' ಎಂದು ಮೂಡಿತು. ಅವನು ಪೇಪರಿನಿಂದ ಕಣ್ಣು ಎತ್ತಲಿಲ್ಲ. ಅದು ಪೂರ್ತಿ ಹೊಡೆದು ನಿಂತಿತು. ಮತ್ತೆ ಹೊಡೆಯಿತು, ಮತ್ತೆ ನಿಂತಿತು. ಆಮೇಲೆ ಅವಳ ಫೋನು.

ಅವಳು ಎತ್ತಿದಳು. ಹಿಂದೆ ಲಾರಿಗಳ ಸದ್ದು, ಪುಟ್ಟಿಯ ಅಳು.

"ಅತ್ತಿಗೆ, ಕಾರು ನಿಂತುಬಿಡ್ತು. ಸೇತುವೆ ಮೇಲೆ. ಬಿಸಿಲಲ್ಲಿ ಪುಟ್ಟಿ ಸುಡ್ತಾ ಇದಾಳೆ. ಇದು ಮೂರನೇ ಸಲ ಅತ್ತಿಗೆ. ನನಗೇ ಸರಿಯಾಗಿ ಓಡಿಸೋಕೆ ಬರ್ತಿಲ್ಲ ಅನ್ಸುತ್ತೆ. ಅಣ್ಣನಿಗೆ ಮಾತ್ರ ಹೇಳ್ಬೇಡಿ, ಅಷ್ಟು ಒಳ್ಳೆ ಕಾರನ್ನ ಹಾಳು ಮಾಡಿದೆ ಅಂತ ನೊಂದ್ಕೋತಾನೆ."

ಗಂಡ ಪೇಪರು ಕೆಳಗಿಟ್ಟು ಅವಳ ಬಾಯನ್ನೇ ನೋಡುತ್ತಿದ್ದ.

"ಹೊಸದರಲ್ಲಿ ಎಲ್ರಿಗೂ ಹಂಗೇ ಕಣಮ್ಮ" ಎಂದಳು ಅವಳು. "ಓಡಿಸ್ತಾ ಓಡಿಸ್ತಾ ಕೈ ಕೂರುತ್ತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ ನೋಡು."

"ಹೂಂ ಅತ್ತಿಗೆ" ಎಂದಳು ನಾದಿನಿ.

ಅವಳು ಫೋನಿಟ್ಟು, ಊಟದ ಡಬ್ಬಿ ಎತ್ತಿಕೊಂಡು, ಕನ್ನಡಿಯಲ್ಲಿ ತಲೆ ಸರಿಮಾಡಿಕೊಂಡಳು. ಡ್ಯೂಟಿಗೆ ಹೊತ್ತಾಗಿತ್ತು. ಹೊರಗೆ ಬಿಳಿ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.